ಮಾತ್ರೆ ನುಂಗುವವಳನ್ನು ಯಾರು ಕೇಳಿದರು?

ಗರ್ಭನಿರೋಧಕ ಮಾತ್ರೆಯ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಆಸ್ಪತ್ರೆಯಲ್ಲಿ 'ಏನೂ ಆಗಲ್ಲ, ತಗೊಳ್ಳಿ' ಎನ್ನುತ್ತಾರೆ. ಮನೆಗೆ ಬಂದರೆ ಅತ್ತೆಯೋ ಓರಗಿತ್ತಿಯೋ 'ಅದನ್ನು ನುಂಗಿದರೆ ಗರ್ಭಕೋಶ ಕೆಟ್ಟುಹೋಗುತ್ತೆ, ಆಮೇಲೆ ಮಕ್ಕಳಾಗಲ್ಲ' ಎನ್ನುತ್ತಾರೆ. ಒಂದು ಧೈರ್ಯ ಹೇಳುವ ಮಾತು, ಇನ್ನೊಂದು ಹೆದರಿಸುವ ಮಾತು. ಆದರೆ ಮಾತ್ರೆ ನುಂಗಬೇಕಾದ ಹೆಂಗಸಿಗೆ ಎಷ್ಟು ವಯಸ್ಸು, ಬಿ.ಪಿ. ಎಷ್ಟಿದೆ, ತಲೆನೋವು ಯಾವ ಬಗೆಯದು, ಬಾಣಂತನ ಮುಗಿದು ಎಷ್ಟು ವಾರವಾಯಿತು ಎಂದು ಕೇಳುವ ಗೋಜಿಗೆ ಎರಡೂ ಹೋಗುವುದಿಲ್ಲ. ಈ ಮಾತ್ರೆಯ ಅಡ್ಡಪರಿಣಾಮಗಳ ಅರವತ್ತೈದು ವರ್ಷಗಳ ದಾಖಲೆಯನ್ನು ಓದುತ್ತಾ ಹೋದರೆ ಎದ್ದು ಕಾಣುವುದು ಇದೇ ಕೊರತೆ. ಮಾತ್ರೆಯಿಂದಾದ ಗಂಭೀರ ಹಾನಿಯ ದೊಡ್ಡ ಪಾಲು ಅದು ತಪ್ಪಾದ ದೇಹಕ್ಕೆ ಹೋದದ್ದರಿಂದ, ಹೆಂಗಸರು ಹೇಳಿಕೊಂಡ ತೊಂದರೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದರಿಂದ ಆಗಿದೆ. ಇದು ಕಾಯಿಲೆಯವರು ವಾರವೋ ಹದಿನೈದು ದಿನವೋ ತೆಗೆದುಕೊಂಡು ಬಿಡುವ ಔಷಧವಲ್ಲ. ಆರೋಗ್ಯವಂತ ಹೆಂಗಸು ವರ್ಷಗಟ್ಟಲೆ ದಿನಾ ನುಂಗುವ ಔಷಧ. ಹಾಗಾಗಿ ಅದರ ಸುರಕ್ಷತೆಯನ್ನು ಅಳೆಯುವ ತಕ್ಕಡಿಯೂ ಹೆಚ್ಚು ಕಟ್ಟುನಿಟ್ಟಾಗಿರಬೇಕು.

ಕಥೆ ಶುರುವಾಗುವುದೇ ಕೇಳಿಸಿಕೊಳ್ಳದ ಒಂದು ವರದಿಯಿಂದ. 1956ರಲ್ಲಿ ಪೋರ್ಟೊ ರಿಕೊದ ರಿಯೊ ಪಿಯೆದ್ರಾಸ್ ಎಂಬಲ್ಲಿ, ಬಡವರಿಗೆಂದು ಕಟ್ಟಿದ ವಸತಿ ಸಮುಚ್ಚಯದಲ್ಲಿ, ವಿಜ್ಞಾನಿ ಗ್ರೆಗರಿ ಪಿಂಕಸ್ ಮತ್ತು ವೈದ್ಯ ಜಾನ್ ರಾಕ್ ಅವರ ಮಾತ್ರೆಯ ದೊಡ್ಡ ಪ್ರಯೋಗ ಆರಂಭವಾಯಿತು. ಅಲ್ಲಿ ಅದರ ಉಸ್ತುವಾರಿ ನೋಡಿಕೊಂಡ ವೈದ್ಯೆ ಎಡ್ರಿಸ್ ರೈಸ್-ರೇ. ಮಾತ್ರೆ ಗರ್ಭವನ್ನು ತಡೆಯುತ್ತದೆ, ಅದರಲ್ಲಿ ಸಂಶಯವಿಲ್ಲ, ಆದರೆ ನೂರಕ್ಕೆ 17 ಮಂದಿ ವಾಕರಿಕೆ, ತಲೆಸುತ್ತು, ತಲೆನೋವು, ಹೊಟ್ಟೆನೋವು, ವಾಂತಿ ಎಂದು ದೂರುತ್ತಿದ್ದಾರೆ, ಇಷ್ಟು ತೊಂದರೆಯಿರುವ ಔಷಧ ಎಲ್ಲರ ಬಳಕೆಗೆ ಒಪ್ಪುವಂಥದ್ದಲ್ಲ ಎಂದು ಅವರು ವರದಿ ಮಾಡಿದರು. ಇವು ಬಹುಮಟ್ಟಿಗೆ ಮನಸ್ಸಿನ ಕಲ್ಪನೆ ಎಂದು ಪಿಂಕಸ್ ಬಳಗ ಪಕ್ಕಕ್ಕಿಟ್ಟಿತು. 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗರ್ಭನಿರೋಧಕವಾಗಿ ಒಪ್ಪಿಗೆ ಕೊಟ್ಟ ಎನೋವಿಡ್ ಮಾತ್ರೆಯಲ್ಲಿ ಸುಮಾರು 10 ಮಿಲಿಗ್ರಾಂ ಪ್ರೊಜೆಸ್ಟಿನ್, 150 ಮೈಕ್ರೊಗ್ರಾಂ ಈಸ್ಟ್ರೋಜೆನ್ ಎಂಬ ಹಾರ್ಮೋನುಗಳಿದ್ದವು. ಇವತ್ತಿನ ಸಾಮಾನ್ಯ ಮಾತ್ರೆಯಲ್ಲಿ ಈಸ್ಟ್ರೋಜೆನ್ 20ರಿಂದ 35 ಮೈಕ್ರೊಗ್ರಾಂ ಮಾತ್ರ. ಆ ಹೆಂಗಸರು ವಾಂತಿ ಮಾಡಿದ್ದರಲ್ಲಿ ಕಲ್ಪನೆಯೇನೂ ಇರಲಿಲ್ಲ. ಅವರ ದೇಹ ಪ್ರಮಾಣ ಹೆಚ್ಚಾಯಿತೆಂದು ಹೇಳುತ್ತಿತ್ತು. ಆ ಮಾತನ್ನು ಆಗಲೇ ನಂಬಿದ್ದರೆ ಪ್ರಮಾಣ ಇಳಿಸುವ ಕೆಲಸ ಎಷ್ಟೋ ಮೊದಲೇ ಆಗುತ್ತಿತ್ತು.

1961ರಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ವೈದ್ಯರೊಬ್ಬರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹೆಂಗಸಿನ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ಲ್ಯಾನ್ಸೆಟ್ ಪತ್ರಿಕೆಗೆ ಬರೆದು ತಿಳಿಸಿದರು. ಒಂದೇ ಪ್ರಕರಣ, ಕಾಕತಾಳೀಯವೂ ಇರಬಹುದಿತ್ತು. ಆದರೆ ಅಂಥ ಪತ್ರಗಳು ಬರುತ್ತಲೇ ಹೋದವು. 1960ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಅಧ್ಯಯನಗಳು ಸಂಬಂಧವನ್ನು ಖಚಿತಪಡಿಸಿದವು, ಈಸ್ಟ್ರೋಜೆನ್ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬುದೂ ಗೊತ್ತಾಯಿತು. 1969ರಲ್ಲಿ ಪತ್ರಕರ್ತೆ ಬಾರ್ಬರಾ ಸೀಮನ್ ಈ ಮಾತ್ರೆಯ ವಿರುದ್ಧ ವೈದ್ಯರೇ ಹೇಳುತ್ತಿದ್ದುದನ್ನೆಲ್ಲ ಒಟ್ಟುಮಾಡಿ ಪುಸ್ತಕ ಬರೆದರು. 1970ರ ಜನವರಿಯಲ್ಲಿ ಅಮೆರಿಕದ ಸೆನೆಟರ್ ಗೇಲಾರ್ಡ್ ನೆಲ್ಸನ್ ವಿಚಾರಣೆ ಕರೆದರು. ಆ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಮಾತ್ರೆ ನುಂಗಿದ ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ. ಹೋರಾಟಗಾರ್ತಿ ಆಲಿಸ್ ವುಲ್ಫ್‌ಸನ್ ಮತ್ತು ಅವರ ಗೆಳತಿಯರು ಪ್ರೇಕ್ಷಕರ ಸಾಲಿನಿಂದಲೇ ಎದ್ದು ನಿಂತು ಇದನ್ನು ಪ್ರಶ್ನಿಸಿದರು. ಅದರ ಫಲವಾಗಿ ಮಾತ್ರೆಯ ಜೊತೆಗೆ ಅಪಾಯಗಳನ್ನು ತಿಳಿಸುವ ಚೀಟಿ ಇರಲೇಬೇಕೆಂಬ ನಿಯಮ ಬಂತು. ಇವತ್ತು ಔಷಧದ ಡಬ್ಬಿ ಬಿಚ್ಚಿದಾಗ ಮಡಚಿದ ಕಾಗದವೊಂದು ಸಿಗುತ್ತದಲ್ಲ, ರೋಗಿಯೇ ಓದಲೆಂದು ಅಂಥ ಕಾಗದ ಇಡುವ ರೂಢಿ ಬೆಳೆದದ್ದರಲ್ಲಿ ಆ ಹೆಂಗಸರ ಪಾಲು ದೊಡ್ಡದು.

ರಕ್ತ ಹೆಪ್ಪುಗಟ್ಟುವುದೇ ಈ ಮಾತ್ರೆಯ ಅತಿ ಗಂಭೀರ ಅಡ್ಡಪರಿಣಾಮವಾದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ಬಾಯಿಯಿಂದ ಹೋದ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ತಲುಪುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಆಗ ಹೆಚ್ಚಾಗಿ ತಯಾರಿಸುತ್ತದೆ, ಹೆಪ್ಪುಗಟ್ಟದಂತೆ ತಡೆಯುವ ಕೆಲವನ್ನು ಕಡಿಮೆ ಮಾಡುತ್ತದೆ. ಬಸುರಿಯ ದೇಹ ಹೆರಿಗೆಯ ರಕ್ತಸ್ರಾವಕ್ಕೆ ಸಿದ್ಧವಾಗುವ ಬಗೆಯೂ ಇದೇ. ಮಾತ್ರೆ ಅದನ್ನೇ ಸಣ್ಣ ಪ್ರಮಾಣದಲ್ಲಿ ಅನುಕರಿಸುತ್ತದೆ. ಈಗ ಲೆಕ್ಕ ನೋಡೋಣ. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಒಟ್ಟು ಮಾಡಿದ ಅಂದಾಜಿನ ಪ್ರಕಾರ, ಮಾತ್ರೆ ತೆಗೆದುಕೊಳ್ಳದ, ಬಸುರಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಲೆವೊನೊರ್‌ಜೆಸ್ಟ್ರೆಲ್ ಎಂಬ ಹಳೆಯ ಪ್ರೊಜೆಸ್ಟಿನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು 5ರಿಂದ 7. ಡೆಸೊಜೆಸ್ಟ್ರೆಲ್, ಡ್ರೊಸ್ಪಿರೆನೋನ್ ಮುಂತಾದ ಹೊಸ ಪ್ರೊಜೆಸ್ಟಿನ್ ಇರುವವುಗಳಲ್ಲಿ 9ರಿಂದ 12. ಮೊದಲ ವರ್ಷದಲ್ಲಿ, ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ ಅಪಾಯ ಹೆಚ್ಚು. ನಿಲ್ಲಿಸಿ ಮತ್ತೆ ಶುರುಮಾಡಿದರೆ ಆ ಅಪಾಯವೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೀಗಾಗಿ 'ಮಧ್ಯೆ ಮಧ್ಯೆ ಬಿಟ್ಟು ದೇಹಕ್ಕೆ ವಿಶ್ರಾಂತಿ ಕೊಡಿ' ಎಂಬ ಜನಪ್ರಿಯ ಸಲಹೆ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಮಾಡುವಂಥದ್ದು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡುವ ಮಾಲಾ-ಎನ್ ಮತ್ತು ಅಗ್ಗಕ್ಕೆ ಸಿಗುವ ಮಾಲಾ-ಡಿ ಎರಡರಲ್ಲೂ ಇರುವುದು 0.15 ಮಿಲಿಗ್ರಾಂ ಲೆವೊನೊರ್‌ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಈಸ್ಟ್ರೋಜೆನ್, ಅಂದರೆ ಕಡಿಮೆ ಅಪಾಯದ ಗುಂಪಿನದು. ಪುಕ್ಕಟೆ ಔಷಧ ಕಳಪೆ ಎಂದು ಮೂಗು ಮುರಿದು ದುಬಾರಿ ಪ್ಯಾಕೆಟ್ ಕೊಳ್ಳುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಮೊಡವೆಗೆಂದೋ ಪಿಸಿಓಎಸ್‌ಗೆಂದೋ ಹೊಸ ಬಗೆಯ ಮಾತ್ರೆ ಬರೆಸಿಕೊಳ್ಳುವುದು ತಪ್ಪಲ್ಲ. ಆದರೆ ಈ ವ್ಯತ್ಯಾಸ ಗೊತ್ತಿದ್ದು ಬರೆಸಿಕೊಳ್ಳಬೇಕು.

ಇಂಥ ಅಂಕಿಅಂಶ ಹೇಳಿದರೆ ಹೆಂಗಸರು ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ, ಬೇಡದ ಬಸಿರು ಹೆಚ್ಚುತ್ತದೆ, ಆದ್ದರಿಂದ ಹೇಳದಿರುವುದೇ ಮೇಲು ಎಂಬುದು ವೈದ್ಯವಲಯದ ಹಳೆಯ ಆಕ್ಷೇಪ. ಇದಕ್ಕೆ ಆಧಾರವೂ ಇದೆ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಹೊಸ ಪೀಳಿಗೆಯ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹಳೆಯವಕ್ಕಿಂತ ಸುಮಾರು ಎರಡು ಪಟ್ಟು ಎಂದು ತುರ್ತಾಗಿ ಪ್ರಕಟಿಸಿತು. ಪತ್ರಿಕೆ, ಟಿ.ವಿ.ಗಳಲ್ಲಿ 'ಎರಡು ಪಟ್ಟು' ಎಂಬ ಮಾತು ಮಾತ್ರ ಉಳಿಯಿತು. ಸಾವಿರಾರು ಮಂದಿ ಪ್ಯಾಕೆಟ್ಟನ್ನು ಅರ್ಧಕ್ಕೇ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳ ಸಂಖ್ಯೆ ಸುಮಾರು 13,000ದಷ್ಟು ಏರಿತು. ಆದರೆ ಈ ಘಟನೆ ಹೇಳಬಾರದು ಎಂಬುದನ್ನು ಸಾಬೀತು ಮಾಡುವುದಿಲ್ಲ, ಅರ್ಧ ಹೇಳಬಾರದು ಎಂಬುದನ್ನು ಸಾಬೀತು ಮಾಡುತ್ತದೆ. ಎರಡು ಪಟ್ಟು ಎಂದರೆ ಯಾವುದರ ಎರಡು ಪಟ್ಟು? ಹತ್ತು ಸಾವಿರದಲ್ಲಿ ಆರು ಮಂದಿಗೆ ಆಗುತ್ತಿದ್ದುದು ಹನ್ನೆರಡು ಮಂದಿಗೆ ಆದರೂ ಎರಡು ಪಟ್ಟೇ, ನೂರರಲ್ಲಿ ಇಪ್ಪತ್ತು ಮಂದಿಗೆ ಆಗುತ್ತಿದ್ದುದು ನಲವತ್ತಾದರೂ ಎರಡು ಪಟ್ಟೇ. ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಕಟ್ಟಿಗೆಷ್ಟು, ಕಟ್ಟು ಎಷ್ಟು ದಪ್ಪ ಎಂದು ಕೇಳುವ ಹೆಂಗಸಿಗೆ ಈ ಲೆಕ್ಕ ಅರ್ಥವಾಗುವುದಿಲ್ಲ ಎಂದುಕೊಳ್ಳುವುದು ಅವಳಿಗೆ ಮಾಡುವ ಅವಮಾನ. ಕಾಲಿನ ಮೀನಖಂಡ ಒಂದೇ ಕಡೆ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಇವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು, ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಅಲ್ಲಿ ಹೇಳಬೇಕು. ಅಪಾಯವನ್ನೇ ಮುಚ್ಚಿಟ್ಟರೆ ಅವಳಿಗೆ ಈ ಲಕ್ಷಣಗಳನ್ನು ಹೇಗೆ ಕಲಿಸುವುದು?

ಪ್ರಾಣಕ್ಕೆ ಎರವಾಗದ, ಆದರೆ ದಿನದ ಬದುಕನ್ನು ಹಿಂಡುವ ತೊಂದರೆಗಳ ಕಡೆ ವೈದ್ಯಕೀಯ ಗಮನ ಕಡಿಮೆ. ಹೆಂಗಸರು ಮಾತ್ರೆ ಬಿಡುವುದು ಮುಖ್ಯವಾಗಿ ಇವುಗಳಿಂದಲೇ. ಮೊದಲ ಎರಡು ಮೂರು ತಿಂಗಳು ವಾಕರಿಕೆ, ಎದೆ ಭಾರ, ತಲೆನೋವು, ತಿಂಗಳ ಮಧ್ಯೆ ಚೂರುಪಾರು ರಕ್ತ ಕಾಣಿಸಿಕೊಳ್ಳುವುದು ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಮುಖದ ಮೇಲೆ ಬಂಗು ಮೂಡಬಹುದು. ಕೆಲವರಲ್ಲಿ ರಕ್ತದೊತ್ತಡ ಏರುತ್ತದೆ. ಲೈಂಗಿಕ ಆಸಕ್ತಿ ಕುಗ್ಗಿತೆಂದು ಹೇಳುವವರೂ ಇದ್ದಾರೆ. ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಜಾಗವೇ ಇಲ್ಲದ್ದರಿಂದ ಅದು ದಾಖಲಾಗುವುದೂ ಇಲ್ಲ. ತೂಕ ಹೆಚ್ಚುತ್ತದೆ ಎಂಬ ನಂಬಿಕೆ ಮಾತ್ರ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿಲ್ಲ. 2014ರಲ್ಲಿ ಕಾಕ್ರೇನ್ ಸಂಸ್ಥೆ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹಾರ್ಮೋನು ಮಾತ್ರೆಯಿಂದ ತೂಕದ ಮೇಲೆ ದೊಡ್ಡ ಪರಿಣಾಮ ಕಾಣಲಿಲ್ಲ. ಮಕ್ಕಳಾಗುವುದಿಲ್ಲ ಎಂಬ ಭಯಕ್ಕೂ ಆಧಾರವಿಲ್ಲ. ಮಗು ಬೇಕೆಂದು ಮಾತ್ರೆ ನಿಲ್ಲಿಸಿದವರನ್ನು ಹಿಂಬಾಲಿಸಿದ ಯುರೋಪಿನ ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಸುಮಾರು 80 ಮಂದಿ ಒಂದು ವರ್ಷದೊಳಗೆ ಬಸುರಾದರು. ಮಾತ್ರೆ ಬಳಸದವರಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ.

ಮನಸ್ಸಿನ ಮೇಲಿನ ಪರಿಣಾಮ ಇವೆಲ್ಲಕ್ಕಿಂತ ಜಟಿಲ. 1971ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊ ನಗರದಿಂದ ಒಂದು ಪ್ರಯೋಗದ ವರದಿ ಬಂತು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಡಲಾಗಿತ್ತು. ಹುಸಿ ಮಾತ್ರೆ ನುಂಗಿದವರೂ ತಲೆನೋವು, ವಾಕರಿಕೆ, ಕಳವಳ ಎಂದು ಹೇಳಿಕೊಂಡರು. ಅಡ್ಡಪರಿಣಾಮಗಳೆಲ್ಲ ಮನಸ್ಸಿನ ಆಟ ಎನ್ನುವವರಿಗೆ ಇದು ಇಂದಿಗೂ ಅಚ್ಚುಮೆಚ್ಚಿನ ಉದಾಹರಣೆ. ಆದರೆ ಆ ಹೆಂಗಸರು ಗರ್ಭ ಬೇಡವೆಂದು ಕ್ಲಿನಿಕ್ಕಿಗೆ ಬಂದಿದ್ದ, ಬಹುಪಾಲು ಮೆಕ್ಸಿಕನ್ ಮೂಲದ ಬಡವರು. ತಾವು ನುಂಗುತ್ತಿರುವುದು ಹುಸಿ ಮಾತ್ರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹಲವರು ಬಸುರಾದರು. ನಿರೀಕ್ಷೆಯೂ ತಲೆನೋವು ತರಬಲ್ಲದು ಎಂಬ ಸತ್ಯ ಆ ಪ್ರಯೋಗದಿಂದ ತಿಳಿಯಿತು, ಒಪ್ಪೋಣ. ಆದರೆ ಅದನ್ನು ಎಲ್ಲ ದೂರುಗಳ ಬಾಯಿ ಮುಚ್ಚಿಸಲು ಬಳಸುವಂತಿಲ್ಲ. 2016ರಲ್ಲಿ ಡೆನ್ಮಾರ್ಕಿನ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದಾಗ, ಹಾರ್ಮೋನು ಬಳಸದವರಲ್ಲಿ ವರ್ಷಕ್ಕೆ ನೂರಕ್ಕೆ 1.7 ಮಂದಿ ಖಿನ್ನತೆಯ ಔಷಧ ಮೊದಲ ಬಾರಿ ಶುರುಮಾಡುತ್ತಿದ್ದರೆ, ಬಳಸುವವರಲ್ಲಿ 2.2 ಮಂದಿ ಶುರುಮಾಡುತ್ತಿದ್ದರು. ಹದಿಹರೆಯದವರಲ್ಲಿ ಅಂತರ ಇನ್ನೂ ಹೆಚ್ಚಿತ್ತು. ಇಂಥ ದಾಖಲೆಯಿಂದ ಮಾತ್ರೆಯೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಮಾತ್ರೆ ಶುರುಮಾಡುವ ವಯಸ್ಸಿನಲ್ಲಿ ಬದುಕೂ ಬದಲಾಗುತ್ತಿರುತ್ತದೆ. ಆದರೂ 'ಮಾತ್ರೆ ಶುರುಮಾಡಿದಾಗಿನಿಂದ ಯಾಕೋ ಅಳು ಬರುತ್ತೆ' ಎನ್ನುವ ಹುಡುಗಿಯನ್ನು ಕೂರಿಸಿ ಕೇಳಲು, ಬೇರೆ ವಿಧಾನ ಸೂಚಿಸಲು ಇಷ್ಟು ಸಾಕು.

ಕ್ಯಾನ್ಸರಿನ ವಿಷಯದಲ್ಲಿ ಮಾತ್ರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುತ್ತದೆ. ಡೆನ್ಮಾರ್ಕಿನ 18 ಲಕ್ಷ ಹೆಂಗಸರನ್ನು ಕುರಿತ 2017ರ ಅಧ್ಯಯನದಲ್ಲಿ, ಹಾರ್ಮೋನು ಬಳಸುವವರಲ್ಲಿ ಸ್ತನ ಕ್ಯಾನ್ಸರಿನ ಸಾಧ್ಯತೆ ಸುಮಾರು ಐದನೇ ಒಂದು ಪಾಲು ಹೆಚ್ಚಿತ್ತು. ಬಿಡಿಸಿ ಹೇಳಿದರೆ, 7,690 ಮಂದಿ ಒಂದು ವರ್ಷ ಬಳಸಿದರೆ ಅವರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ. ಐದು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾಧ್ಯತೆಯೂ ಏರುತ್ತದೆ, ನಿಲ್ಲಿಸಿ ಹತ್ತು ವರ್ಷವಾಗುವ ಹೊತ್ತಿಗೆ ಇಳಿದುಹೋಗುತ್ತದೆ. ಇನ್ನೊಂದು ಬದಿಯಲ್ಲಿ, 2008ರಲ್ಲಿ 45 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬಳಸಿದ ಪ್ರತಿ ಐದು ವರ್ಷಕ್ಕೆ ಅಂಡಾಶಯದ ಕ್ಯಾನ್ಸರಿನ ಅಪಾಯ ಸುಮಾರು ಐದನೇ ಒಂದರಷ್ಟು ತಗ್ಗುವುದು ಕಂಡಿತು. ಗರ್ಭಕೋಶದ ಒಳಪದರದ ಕ್ಯಾನ್ಸರೂ ಹಾಗೆಯೇ ತಗ್ಗುತ್ತದೆ, ಆ ರಕ್ಷಣೆ ಮಾತ್ರೆ ಬಿಟ್ಟ ಮೇಲೂ ದಶಕಗಟ್ಟಲೆ ಉಳಿಯುತ್ತದೆ. 1968ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರು ಸುಮಾರು 46,000 ಹೆಂಗಸರನ್ನು ಸೇರಿಸಿ ಶುರುಮಾಡಿದ ಅಧ್ಯಯನ ನಾಲ್ಕು ದಶಕ ನಡೆಯಿತು. ಮಾತ್ರೆ ಬಳಸಿದವರು ಬಳಸದವರಿಗಿಂತ ಬೇಗ ಸಾಯಲಿಲ್ಲ, ಒಟ್ಟು ಸಾವಿನ ಪ್ರಮಾಣ ಅವರಲ್ಲಿ ಸ್ವಲ್ಪ ಕಡಿಮೆಯೇ ಇತ್ತು. ನಮ್ಮ ದೇಶದ ಮಟ್ಟಿಗೆ ಇನ್ನೊಂದು ಲಾಭವೂ ಇದೆ. ಮಾತ್ರೆ ಮುಟ್ಟಿನ ರಕ್ತಸ್ರಾವವನ್ನು ಕಡಿಮೆ ಮಾಡುತ್ತದೆ, ಮಾಲಾ-ಎನ್ ಪ್ಯಾಕೆಟ್ಟಿನ 28ರಲ್ಲಿ ಕೊನೆಯ ಏಳು ಕಬ್ಬಿಣಾಂಶದ ಮಾತ್ರೆಗಳು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುವ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಬಸಿರು, ಬಾಣಂತನದ ಅಪಾಯ ಮಾತ್ರೆಯ ಅಪಾಯಕ್ಕಿಂತ ಎಷ್ಟೋ ಹೆಚ್ಚು, ಹಾಗಿರುವಾಗ ಅಡ್ಡಪರಿಣಾಮದ ಚರ್ಚೆ ಏಕೆ ಎಂಬುದು ಎರಡನೇ ಆಕ್ಷೇಪ. ಹೋಲಿಕೆ ನಿಜ. ಬಸುರಿಯರಲ್ಲಿ, ಅದರಲ್ಲೂ ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮಾತ್ರೆ ನುಂಗುವವರಿಗಿಂತ ಬಹಳ ಹೆಚ್ಚು. ಕರ್ನಾಟಕದಲ್ಲೇ 2018–20ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಆದರೆ ಹೆಂಗಸಿನ ಮುಂದೆ ಇರುವುದು ಮಾತ್ರೆ ಅಥವಾ ಬಸಿರು ಎಂಬ ಎರಡೇ ದಾರಿಯಲ್ಲ. ಕಾಪರ್-ಟಿ ಇದೆ, ನಿರೋಧ್ ಇದೆ, ಗಂಡಸರ ಆಪರೇಷನ್ ಇದೆ. ಮಾತ್ರೆಯನ್ನು ಇವುಗಳ ಪಕ್ಕದಲ್ಲಿಟ್ಟು ತೂಗಬೇಕು. ಬಸಿರಿನ ಪಕ್ಕದಲ್ಲಿ ಮಾತ್ರ ಇಟ್ಟು ತೂಗುವಾಗ ಗಂಡಸಿನ ಪಾಲನ್ನು ತಕ್ಕಡಿಯಿಂದ ಸದ್ದಿಲ್ಲದೆ ಇಳಿಸಿದಂತಾಗುತ್ತದೆ.

ಅಡ್ಡಪರಿಣಾಮದ ದೂರುಗಳಿಗೆ ಉತ್ತರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಇತಿಹಾಸದಲ್ಲೇ ಪಾಠವಿದೆ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು, ಜಗತ್ತಿನಲ್ಲೇ ಮೊದಲು ಎನ್ನಲಾಗುವ ಹೆಜ್ಜೆ ಅದು. ಆದರೆ 1965ರಲ್ಲಿ ಕೇಂದ್ರ ಸರ್ಕಾರ ಗುರಿ ನಿಗದಿ ಮಾಡಿ ದೇಶದ ತುಂಬ ವಂಕಿ (ಗರ್ಭಕೋಶದೊಳಗೆ ಇಡುವ ಲೂಪ್) ಹಾಕಿಸಲು ಹೊರಟಾಗ ಎಚ್ಚರ ತಪ್ಪಿತು. ಹಾಕುವ ಅವಸರವಿತ್ತು, ಹಾಕಿದ ಮೇಲೆ ರಕ್ತಸ್ರಾವ, ನೋವು ಎಂದು ಬಂದವರನ್ನು ನೋಡುವ ವ್ಯವಸ್ಥೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ವಂಕಿಯ ಹೆಸರು ಕೆಟ್ಟಿತು, ಹಾಕಿಸಿಕೊಳ್ಳುವವರು ಇಲ್ಲವಾದರು. ಹೆಂಗಸರು ಅನುಭವದಿಂದ ಹೇಳಿದ್ದಕ್ಕೆ ಉತ್ತರ ಸಿಗದಿದ್ದಾಗ ಅದು ವದಂತಿಯಾಗಿ ಬೆಳೆಯಿತು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 37.9 ಮಂದಿ ಆಪರೇಷನ್ ಮಾಡಿಸಿಕೊಂಡವರು, ಮಾತ್ರೆ ನುಂಗುವವರು 5.1. ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಆದವರು. ಇಪ್ಪತ್ತೈದು ತುಂಬುವ ಮೊದಲೇ ಎರಡು ಹೆತ್ತು ಆಪರೇಷನ್ ಮಾಡಿಸಿಕೊಳ್ಳುವ ಹುಡುಗಿಗೆ, ಮಕ್ಕಳ ನಡುವೆ ಅಂತರ ಬಿಡುವ ದಾರಿಗಳಿವೆ ಎಂದು ಭಯವಿಲ್ಲದೆ ವಿವರಿಸಿದವರು ವಿರಳ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, ಈಗ ಛಾಯಾ ಎಂಬ ಹೆಸರಿನಲ್ಲಿ ಸರ್ಕಾರವೇ ಕೊಡುವ ವಾರಕ್ಕೊಂದರ ಮಾತ್ರೆಯಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡೂ ಇಲ್ಲ. ಅದರ ಮುಖ್ಯ ತೊಂದರೆ ಮುಟ್ಟು ತಡವಾಗುವುದು. ಇದನ್ನು ಮೊದಲೇ ಹೇಳದಿದ್ದರೆ ತಡವಾದ ಪ್ರತಿ ತಿಂಗಳೂ ಅವಳಿಗೆ ಬಸಿರಿನ ಆತಂಕ.

ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡೂ ಇರುವ ಸಂಯುಕ್ತ ಮಾತ್ರೆಯನ್ನು ಯಾರಿಗೆ ಕೊಡಬಾರದು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 1996ರಿಂದಲೇ ಪಟ್ಟಿ ಮಾಡಿ ಪರಿಷ್ಕರಿಸುತ್ತಾ ಬಂದಿದೆ. ಬಿ.ಪಿ. 160/100 ಅಥವಾ ಮೇಲಿರುವವರು, 35 ದಾಟಿ ಹೆಚ್ಚು ಧೂಮಪಾನ ಮಾಡುವವರು, ಕಣ್ಣೆದುರು ಮಿಂಚಿನ ಗೆರೆ ಕಾಣಿಸಿಕೊಂಡು ಬರುವ ಅರೆತಲೆನೋವಿನವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ಸ್ತನ ಕ್ಯಾನ್ಸರ್ ಇರುವವರು, ಎದೆಹಾಲು ಕೊಡುತ್ತಾ ಹೆರಿಗೆಯಾಗಿ ಆರು ವಾರ ಕಳೆಯದವರು. ಔಷಧಗಳ ಪೈಕಿ, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಮತ್ತು ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ಟಿ.ಬಿ. ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಇದನ್ನು ಕೇಳದೆ ಮಾತ್ರೆ ಕೊಡುವುದು ಬಸಿರನ್ನು ಕರೆದು ಕೂರಿಸಿದಂತೆ. ಇನ್ನೊಂದು ಮಾತ್ರೆಯ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಮದುವೆ, ಗೃಹಪ್ರವೇಶ, ತೀರ್ಥಯಾತ್ರೆ ಬಂತೆಂದರೆ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತಂದು ದಿನಕ್ಕೆ ಮೂರು ನುಂಗುವ ನೊರೆಥಿಸ್ಟೆರೋನ್. ಗರ್ಭನಿರೋಧಕವೆಂದು ಕರೆಯದ್ದರಿಂದ ಅದನ್ನು ನಿರಪಾಯ ಎಂದುಕೊಳ್ಳುತ್ತಾರೆ. ಆದರೆ ಆ ಪ್ರಮಾಣದಲ್ಲಿ ಅದರ ಒಂದಂಶ ದೇಹದಲ್ಲಿ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ, ಒಂದು ಸಾಮಾನ್ಯ ಗರ್ಭನಿರೋಧಕ ಮಾತ್ರೆಯಲ್ಲಿರುವಷ್ಟು. ರಕ್ತ ಹೆಪ್ಪುಗಟ್ಟುವ ಹಿನ್ನೆಲೆಯುಳ್ಳ ಹೆಂಗಸಿಗೆ ಅದೂ ಅಪಾಯವೇ. ಮನೆಯ ಪೂಜೆಗೆ ಮುಟ್ಟು ಅಡ್ಡಿ ಎಂದು ಹೇಳಿ ಅದನ್ನು ತರಿಸಿಕೊಡುವವರು ಅವಳ ಕಾಲು ಊದಿದೆಯೇ ಎಂದು ನೋಡುವುದಿಲ್ಲ.

ಈ ಅಂಕಿಗಳೆಲ್ಲ ಡೆನ್ಮಾರ್ಕ್, ಬ್ರಿಟನ್ನಿನವು, ನಮ್ಮ ಹೆಂಗಸರಿಗೆ ಎಷ್ಟು ಅನ್ವಯ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈಸ್ಟ್ರೋಜೆನ್ ಯಕೃತ್ತಿನಲ್ಲಿ ಮಾಡುವ ಕೆಲಸ ಎಲ್ಲ ಕಡೆಯೂ ಒಂದೇ. ಆದರೆ ಸಕ್ಕರೆ ಕಾಯಿಲೆ, ಬಿ.ಪಿ., ರಕ್ತಹೀನತೆ, ಟಿ.ಬಿ.ಗಳ ಹಿನ್ನೆಲೆ ಬೇರೆ, ಕಾಲು ಊದಿಕೊಂಡವಳು ಆಸ್ಪತ್ರೆ ತಲುಪಲು ಹಿಡಿಯುವ ಹೊತ್ತೂ ಬೇರೆ. ಆದ್ದರಿಂದ ಹೊರಗಿನ ಸರಾಸರಿಗಿಂತ ಎದುರಿಗಿರುವ ಹೆಂಗಸಿನ ಉತ್ತರಗಳಿಗೆ ಇಲ್ಲಿ ಹೆಚ್ಚು ಬೆಲೆ. 2011ರಲ್ಲಿ ಶುರುವಾದ ಯೋಜನೆಯಂತೆ ಆಶಾ ಕಾರ್ಯಕರ್ತೆ ಒಂದು ತಿಂಗಳ ಮಾತ್ರೆಯ ಪ್ಯಾಕೆಟ್ಟನ್ನು ಒಂದು ರೂಪಾಯಿಗೆ ಮನೆ ಬಾಗಿಲಿಗೆ ತಲುಪಿಸುತ್ತಾಳೆ. ಅವಳ ಚೀಲದಲ್ಲಿ ಆ ಪ್ಯಾಕೆಟ್ಟಿನ ಜೊತೆಗೆ ಬಿ.ಪಿ. ನೋಡುವ ಯಂತ್ರವೂ ಮೇಲಿನ ಪಟ್ಟಿಯ ಪ್ರಶ್ನೆಗಳ ಒಂದು ಕನ್ನಡ ಹಾಳೆಯೂ ಇರಬೇಕು. ಎರಡನೇ ತಿಂಗಳ ಪ್ಯಾಕೆಟ್ ಕೊಡಲು ಬಂದಾಗ, 'ಹೋದ ತಿಂಗಳು ಹೇಗಿತ್ತಕ್ಕ, ವಾಕರಿಕೆ ಬಂತಾ, ತಲೆ ನೋಯ್ತಾ' ಎಂದು ಕೇಳಿ, ಬಂದ ಉತ್ತರವನ್ನು ಅವಳು ಬರೆದುಕೊಳ್ಳಬೇಕು.